ಹೊರಗಿನ ಲೋಟ

ಕಾಫಿಯನ್ನು ತಿಪ್ಪೇರುದ್ರಮ್ಮ ಒಂದು ಮೊಳ ಎತ್ತರದಿಂದ ಸುರಿದಳು. ಪಾತ್ರೆಯ ಮೂತಿ ಎಲ್ಲಾದರೂ ಲೋಟದ ಅಂಚಿಗೆ ತಾಗಿಬಿಟ್ಟರೆ ಗತಿಯೇನು! ಸೊಸೆ ಮನೆ ತುಂಬಿದ ರಾತ್ರಿಯಿಂದಲೂ ಆ ಸ್ಟೀಲ್ ಲೋಟ ಮನೆಯ ಉಳಿದ ಪಾತ್ರೆಗಳಿಂದ ದೂರವಾಗಿ ಜಗಲಿಯ ಕಟ್ಟೆಯ ಮೇಲೆ ಒಂಟಿಯಾಗಿ ಕೂತಿತ್ತು. ಅರ್ಧ ಕಾಫಿ ಲೋಟಕ್ಕೆ ಬಿತ್ತು, ಅರ್ಧ ಕಟ್ಟೆಯ ಪಾಲಾಯಿತು. ಚೆಲ್ಲಿದ್ದನ್ನು ಕಂಡು ಅವಳಿಗೆ ಒಂದು ಬಗೆಯ ಸಮಾಧಾನವೇ ಆಯಿತು.

"ಕುಡಿದು ಹೊರಡು. ಅಲ್ಲಿ ನಿನ್ನ ಮೊಟ್ಟೆಗಳು ದಾರಿ ಕಾಯ್ತಾ ಇರ್ತಾವೆ."

ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ ಕಾಂಚನಾ ಲೋಟ ಎತ್ತಿಕೊಂಡಳು. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಅದನ್ನು ಕಂಡರೇ ಅತ್ತೆಗೆ ಮೈಯೆಲ್ಲಾ ಉರಿ. ಅತ್ತರೆ ಬೈಯಬಹುದು, ಎದುರಾಡಿದರೆ ಓಣಿಗೆಲ್ಲ ಕೇಳುವಂತೆ ಕೂಗಾಡಬಹುದು. ಸುಮ್ಮನೆ ಕಾಫಿ ಕುಡಿಯುವವಳನ್ನು ಏನು ಮಾಡುವುದು?

"ನೋಡು, ಕೊನೇ ಮಾತು ಹೇಳ್ತೀನಿ. ಹಬ್ಬದೊಳಗೆ ಆ ಕೆಲಸ ಬಿಡಬೇಕು. ಬಿಡಲ್ಲ ಅಂದ್ರೆ ಚಳ್ಳಕೆರೆಗೆ, ನಿನ್ನ ಅಪ್ಪನ ಮನೆಗೆ ಹೋಗ್ತಾ ಇರು. ಮೀಸಲು ಗಡಿಗೆ ಹೊರಡೋ ದಿನ ಈ ಹೊಸ್ತಿಲಾಗೆ ನೀನು ಕಾಣಬಾರ್ದು."

"ಕೆಲಸ ಬಿಡಲ್ಲ ಅತ್ತೆ," ಎಂದಳು ಕಾಂಚನಾ ಲೋಟ ತೊಳೆದು ಕವುಚಿ ಹಾಕುತ್ತಾ. "ಮನೇನೂ ಬಿಡಲ್ಲ. ಸಂಜೆ ಬರ್ತೀನಿ."

ಸ್ಕೂಟರು ಬುರ್ರೆಂದು ಹೋಯಿತು. ಅದರ ಧೂಳಿಗೆ ತಿಪ್ಪೇರುದ್ರಮ್ಮ ಮೂಗು ಮುರಿದಳು. ಒಳಗೆ ಮಗ ಮಾರುತೇಶ ಇಸ್ತ್ರಿ ಮಾಡಿದ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಾ ಏನೂ ಕೇಳಿಸದವನಂತೆ ನಿಂತಿದ್ದ. ಹೈಸ್ಕೂಲು ಮೇಷ್ಟ್ರು! ಮಕ್ಕಳಿಗೆ ಧೈರ್ಯ, ಸತ್ಯ ಎಂದೆಲ್ಲ ಪಾಠ ಹೇಳುವವನು ಅವ್ವ-ಹೆಂಡತಿಯ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಬದುಕುತ್ತಿದ್ದ. ಹೆತ್ತ ಮಗನಾದರೂ ಅವನ ಆ ಗುಣ ಕಂಡರೆ ಅವಳಿಗೆ ತಾತ್ಸಾರವೇ.

ನನ್ನಿವಾಳದ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಅವರ ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಬೆಳಗಾಗುವುದು ಹಸುವಿನ ಕೊರಳ ಗಂಟೆಯಿಂದ. ಕುರಿ ತಿನ್ನುವ ಜನ, ಆದರೆ ಕೋಳಿಯನ್ನೂ ಹಂದಿಯನ್ನೂ ಮುಟ್ಟುವವರಲ್ಲ. ಎಲ್ಲಿಂದಲೋ ಒಂದು ಗರಿ ಹಾರಿ ಬಂದು ಅಂಗಳಕ್ಕೆ ಬಿದ್ದರೂ ಸಗಣಿ ಹಾಕಿ ಸಾರಿಸದೆ ಒಲೆ ಹಚ್ಚುವುದಿಲ್ಲ. ಹಟ್ಟಿಯ ದೇವರಿಗೆ ಎತ್ತುಗಳುಂಟು, ಹಸುಗಳುಂಟು. ಅವನ್ನು ಕಾಯುವ ಕಿಲಾರಿ, ತಿಪ್ಪೇರುದ್ರಮ್ಮನ ಗಂಡ ಜೋಗಪ್ಪ, ವರ್ಷದ ಬಹುಪಾಲು ದನದ ಹಿಂದೆ ಕಾವಲಿನ ಹುಲ್ಲುಗಾವಲಲ್ಲೇ ಇರುತ್ತಾನೆ. ಆ ಹಸುಗಳ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ, ತುಪ್ಪವನ್ನು ಮಣ್ಣಿನ ಗಡಿಗೆಯಲ್ಲಿ ಕೂಡಿಡುವ ಕೆಲಸ ತಿಪ್ಪೇರುದ್ರಮ್ಮನದು. ಅದು ದೇವರ ಮೀಸಲು. ಹಬ್ಬದ ದಿನ ಆ ಗಡಿಗೆಯನ್ನು ಗುಡಿಗೆ ಒಪ್ಪಿಸಿದರೆ ಬರುವ ಹಬ್ಬದವರೆಗೂ ದೇವರ ದೀಪ ಉರಿಯುವುದು ಆ ತುಪ್ಪದಿಂದಲೇ. ಗಡಿಗೆ ಮುಟ್ಟುವ ಹೆಂಗಸಿನ ಮೈಗೆ ಕೋಳಿ, ಹಂದಿಯ ಸೋಂಕು ಇರಬಾರದು. ಅತ್ತೆಯಿಂದ ತನಗೆ ಬಂದ ಈ ಹಕ್ಕನ್ನು ಅವಳು ಕಣ್ಣಿನ ರೆಪ್ಪೆಯಂತೆ ಕಾದುಕೊಂಡಿದ್ದಳು. ಹಟ್ಟಿಯಲ್ಲಿ ಅವಳು ನಡೆದು ಹೋದರೆ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಆ ಮರ್ಯಾದೆಯ ರುಚಿ ಅವಳ ನಾಲಿಗೆಗೆ ಚೆನ್ನಾಗಿ ಹತ್ತಿತ್ತು.

ಅಂಥ ಮನೆಗೆ ಬಂದಳು ಕಾಂಚನಾ! ಅವಳೂ ಅದೇ ಕುಲದ ಹೆಣ್ಣೇ, ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವಳು. ಹೆಣ್ಣು ನೋಡುವ ದಿನ ಅವಳ ತಾಯಿ "ಹುಡುಗಿ ಸೈನ್ಸ್ ಓದ್ಯಾಳೆ, ಉಳ್ಳಾರ್ತಿ ಕಾವಲ್ ಹತ್ತಿರ ಸಂಶೋಧನೆ ಕೆಲಸ" ಎಂದಷ್ಟೇ ಹೇಳಿ ಮುಗಿಸಿದ್ದರು. ಮನೆ ತುಂಬಿದ ಸಂಜೆ ನೆಂಟರೆಲ್ಲ ಸುತ್ತ ಕೂತಿದ್ದಾಗ ತಿಪ್ಪೇರುದ್ರಮ್ಮ ಸುಮ್ಮನೆ ಮಾತಿಗೆ, "ಏನಮ್ಮ ನಿನ್ನ ಕೆಲಸ?" ಎಂದು ಕೇಳಿದ್ದಳು. ಬಾಗಿಲ ಮರೆಯಿಂದ ಮಾರುತೇಶ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ. ಆ ಹುಡುಗಿ ಅವನ ಕಡೆ ತಿರುಗಿಯೂ ನೋಡದೆ, "ಮರಿ ಬೆಳೀತಾ ಇರೋ ಕೋಳಿಮೊಟ್ಟೆ ಒಡೆದು, ಒಳಗಿನ ಹೃದಯ, ಶ್ವಾಸಕೋಶ ಹೆಂಗೆ ಆಗುತ್ತೆ ಅಂತ ನೋಡ್ತೀವಿ ಅತ್ತೆ" ಎಂದುಬಿಟ್ಟಳು! ಮೈದುನನ ಹೆಂಡತಿ ರೇಣುಕಮ್ಮ ತಟ್ಟೆ ಕೆಳಗಿಟ್ಟು ಎದ್ದೇಬಿಟ್ಟಳು. ತಿಪ್ಪೇರುದ್ರಮ್ಮ ಹುಡುಗಿಯನ್ನು ಕೆಕ್ಕರಿಸಿ ನೋಡಿದಳು. ಎಂಥ ಸೊಕ್ಕು! ಮುಚ್ಚಿಡುವ ಮರ್ಯಾದೆಯೂ ಇಲ್ಲವಲ್ಲ! ಆ ರಾತ್ರಿಯೇ ಲೋಟ ಕಟ್ಟೆಗೆ ಬಂತು. ಸಂಜೆ ಕೆಲಸದಿಂದ ಬಂದವಳು ಹಿತ್ತಿಲ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಅಡುಗೆಮನೆ ಅವಳಿಗಿಲ್ಲ, ಮೀಸಲು ಗಡಿಗೆಯ ಕೋಣೆಯಂತೂ ದೂರದ ಮಾತು.

ಹಬ್ಬ ಹತ್ತಿರವಾಗುತ್ತಿದ್ದಾಗಲೇ ತಿಪ್ಪೇರುದ್ರಮ್ಮ ಕೊಟ್ಟಿಗೆಯಲ್ಲಿ ಜಾರಿದಳು. ಕಲಗಚ್ಚಿನ ಬಾನಿಯ ಪಕ್ಕದ ಪಾಚಿಯ ಮೇಲೆ ಕಾಲಿಟ್ಟದ್ದೇ ತಡ, ಮೊಣಕಾಲ ಕೆಳಗಿನ ಮೂಳೆ ಲಟಕ್ಕೆಂದಿತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ವೀರೇಶ್ ಪ್ಲಾಸ್ಟರ್ ಹಾಕಿ, ಮನೆಯಲ್ಲೇ ಮಲಗಿರಲು ಹೇಳಿದರು. ಕಾಲು ಅಲುಗದೆ ಬಿದ್ದಿದ್ದರೆ ರಕ್ತ ಹೆಪ್ಪುಗಟ್ಟುವ ಭಯವಿದೆ ಎಂದು ಒಂದು ಗುಳಿಗೆಯನ್ನೂ ಕೊಟ್ಟರು. ಸೊಸೆ ಡಾಕ್ಟರ ಬಳಿ ನಿಂತು ಏನೇನೋ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ತಿಪ್ಪೇರುದ್ರಮ್ಮ ಓರೆಗಣ್ಣಿನಿಂದ ನೋಡಿದ್ದಳು. ತನ್ನ ಜಾಣತನ ತೋರಿಸಿಕೊಳ್ಳುವುದಕ್ಕೆ ಅತ್ತೆಯ ಮುರಿದ ಕಾಲೇ ಬೇಕಾಯಿತೇ ಇವಳಿಗೆ?

ಅಡುಗೆಮನೆ ಆಗಲೂ ಸೊಸೆಗೆ ಸಿಗಲಿಲ್ಲ, ಒಲೆ ಮಾರುತೇಶನ ಪಾಲಾಯಿತು. ದಿನಾ ಬೆಳಗ್ಗೆ ಕಾಂಚನಾ ಗುಳಿಗೆಯನ್ನು ಅಂಗೈಯಲ್ಲಿಟ್ಟು ತರುತ್ತಿದ್ದಳು. "ತಪ್ಪಿಸಬಾರ್ದು ಅತ್ತೆ. ಇದೊಂದನ್ನ ಮಾತ್ರ ತಪ್ಪಿಸಬಾರ್ದು." ಆ ಅಂಗೈ! ಮೊಟ್ಟೆಯ ಲೋಳೆಯಲ್ಲಿ ಅದ್ದಿ ತೆಗೆದ ಅಂಗೈ! ತಿಪ್ಪೇರುದ್ರಮ್ಮ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಕೆನ್ನೆಯಲ್ಲಿ ಒತ್ತಿ ಹಿಡಿಯುತ್ತಿದ್ದಳು. ಸೊಸೆ ಬೆನ್ನು ತಿರುಗಿಸಿದ ಕೂಡಲೇ ಉಗುಳಿ, ಬಾಯಿ ಮುಕ್ಕಳಿಸಿ, ಗುಳಿಗೆಯನ್ನು ಸೊಂಟದ ಎಲೆ-ಅಡಿಕೆಯ ಸಂಚಿಯೊಳಗೆ ತುರುಕುತ್ತಿದ್ದಳು. ಸಂಚಿಯ ಒಂದು ಪದರ ಗುಳಿಗೆಗಳಿಂದ ಗುಂಡಗಾಯಿತು. ಓದಿದವಳನ್ನು ಓದದವಳು ಹೇಗೆ ಏಮಾರಿಸಿದೆ ಎಂದು ಒಳಗೊಳಗೇ ನಗು ಬೇರೆ.

ಒಂದು ಶನಿವಾರ ಸಂಜೆ ಕಾಂಚನಾಳ ಕಣ್ಣು ಅತ್ತೆಯ ಕಾಲಿನ ಮೇಲೆ ನಿಂತಿತು. "ಅತ್ತೆ, ಪ್ಲಾಸ್ಟರ್ ಮೇಲಗಡೆ ತೊಡೆ ಊದಿದಂಗೆ ಐತೆ. ನೋವೈತಾ? ಒಂದ್ಸಾರಿ ಮುಟ್ಟಿ ನೋಡ್ತೀನಿ..."

"ದೂರ ನಿಲ್ಲು!" ತಿಪ್ಪೇರುದ್ರಮ್ಮ ಸೀರೆಯನ್ನು ಪಾದದವರೆಗೂ ಎಳೆದುಕೊಂಡಳು. "ಆ ಕೈ ನನ್ನ ಕಾಲು ಮುಟ್ಟಬಾರ್ದು. ಗಡಿಗೆ ಹೊರೋ ಮೈ ಇದು."

"ಹಂಗಾದ್ರೆ ಆಸ್ಪತ್ರೆಗಾದ್ರೂ ಹೋಗಾನ, ಈಗ್ಲೇ."

"ನಿನ್ನ ಹೃದಯ, ಶ್ವಾಸಕೋಶ ಎಲ್ಲಾ ನಿನ್ನ ಮೊಟ್ಟೆಯಾಗೆ ಇಟ್ಕೋ ತಾಯಿ. ನನ್ನ ತಂಟೆಗೆ ಬರಬೇಡ."

ಮಾರನೆಯ ಬೆಳಗ್ಗೆ ಮುಖ ತೊಳೆಯಲೆಂದು ಗೋಡೆ ಹಿಡಿದು ಎದ್ದವಳಿಗೆ ಎದೆಯೊಳಗೆ ಯಾರೋ ಗೂಟ ಹೊಡೆದಂತಾಯಿತು. ಉಸಿರು ಎಳೆದರೆ ಒಳಗೆ ಹೋಗುತ್ತಿಲ್ಲ! ಬಾಯಿ ಬಾಯಿ ಬಿಟ್ಟಳು. ಮೈಯೆಲ್ಲ ತಣ್ಣಗೆ ಬೆವರಿತು. ಮಾರುತೇಶ "ಅವ್ವಾ... ಅವ್ವಾ..." ಎಂದು ನಿಂತಲ್ಲೇ ಕುಣಿಯುತ್ತಿದ್ದ. ಓಡಿ ಬಂದ ಕಾಂಚನಾ ಅವಳ ತುಟಿಯನ್ನು ನೋಡಿದಳು, ನಾಡಿ ಹಿಡಿದಳು. ತಳ್ಳಲು ತಿಪ್ಪೇರುದ್ರಮ್ಮನಿಗೆ ತ್ರಾಣವಿರಲಿಲ್ಲ.

"ಕಾಲಾಗೆ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗೈತೆ. ಕಾರು ತರಿಸ್ರಿ. ನಿಂತ್ಕೋಬೇಡ್ರಿ, ತರಿಸ್ರಿ!" ಎಂದು ಗಂಡನನ್ನು ಗದರಿದಳು. ಆ ಮನೆಯಲ್ಲಿ ಅವಳ ದನಿ ಏರಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರೂ ತಿಪ್ಪೇರುದ್ರಮ್ಮನ ಎದೆ ತಿದಿಯಂತೆ ಏಳುತ್ತಾ ಬೀಳುತ್ತಾ ಇತ್ತು. ಪ್ರಜ್ಞೆ ಮಾತ್ರ ಪೂರ್ತಿ ಇತ್ತು. ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಸುದ್ದಿ ತಿಳಿದು ಮೊಳಕಾಲ್ಮುರಿನಿಂದ ಮೈದುನ ಯತ್ತಪ್ಪ ಬಿಳಿ ಕಾರಿನಲ್ಲಿ ಹೆಂಡತಿ ರೇಣುಕಮ್ಮನೊಂದಿಗೆ ಧಾವಿಸಿದ್ದ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟು, ಈಗ ತಾಲ್ಲೂಕಿನ ಮುಖಂಡನೆನ್ನಿಸಿಕೊಳ್ಳಲು ಹೊರಟಿದ್ದ ಮನುಷ್ಯ. ಗಡಿಗೆ ಹೊರಡುವ ಮನೆಗೆ ಗುಡಿಯಲ್ಲಿ ಮೊದಲ ವೀಳ್ಯದ ಮರ್ಯಾದೆ. ದನ ಬಿಟ್ಟು ಬೇರೇನೂ ಬೇಡದ ಜೋಗಪ್ಪ ಹಿಂದೆ ಸರಿದು ನಿಲ್ಲುತ್ತಿದ್ದುದರಿಂದ ಆ ವೀಳ್ಯಕ್ಕೆ ಕೈ ಚಾಚುತ್ತಿದ್ದವನು ಯತ್ತಪ್ಪನೇ.

ಡಾಕ್ಟರ್ ವೀರೇಶ್ ಸೂಜಿಗೆ ಔಷಧ ತುಂಬಿಸುತ್ತಿದ್ದರು. ಕಾಂಚನಾ ಒಂದು ಹೆಜ್ಜೆ ಮುಂದೆ ಬಂದಳು.

"ಒಂದು ನಿಮಿಷ ಡಾಕ್ಟ್ರೇ. ಅವರಿಗೆ ಹೇಳಬೇಕು."

"ಏನು ಹೇಳ್ತೀರಮ್ಮ ಈಗ? ಟೈಮಿಲ್ಲ!"

"ಅವರ ಮೈ ಅದು. ಹೇಳಲೇಬೇಕು." ಅವಳು ಹಾಸಿಗೆಯ ಪಕ್ಕ ಮಂಡಿಯೂರಿ ಅತ್ತೆಯ ಕಣ್ಣಿನ ಮಟ್ಟಕ್ಕೆ ಮುಖ ತಂದಳು. "ಅತ್ತೆ, ಕೇಳಿಸ್ಕೊಳ್ರಿ. ಇದು ಹೆಪಾರಿನ್ ಅಂತ. ರಕ್ತ ಇನ್ನೂ ಹೆಪ್ಪಾಗದಂಗೆ ತಡೆಯುತ್ತೆ. ಇದನ್ನ ಹಂದಿ ಕರುಳಿನಿಂದ ತೆಗೀತಾರೆ. ಹಂದೀದಲ್ಲದ ಇನ್ನೊಂದು ಇಂಜೆಕ್ಷನ್ ಐತೆ, ಆದ್ರೆ ಈ ಊರಾಗೆ ಸಿಗ್ತಿಲ್ಲ, ದಾವಣಗೆರೆಯಿಂದ ತರಬೇಕು. ಅಲ್ಲೀಗಂಟ ನಿಮ್ಮ ಹೃದಯ ತಡೆಯುತ್ತೆ ಅಂತ ನನಗೆ ಅನ್ನಿಸ್ತಿಲ್ಲ. ಬೇಕು ಅನ್ರಿ, ಬೇಡ ಅನ್ರಿ, ನೀವೇ ಹೇಳಬೇಕು."

ಕೋಣೆಯಲ್ಲಿ ಬಾಂಬ್ ಬಿದ್ದಂತಾಯಿತು.

"ನಿನಗೇನು ತಲೆ ಕೆಟ್ಟೈತೇನೇ?" ಮಾರುತೇಶ ಹೆಂಡತಿಯ ತೋಳು ಹಿಡಿದೆಳೆದ. "ಹೇಳದೇ ಕೊಟ್ಟಿದ್ರೆ ಆಗಿತ್ತಲ್ಲ! ಯಾರು ಕೇಳಿದ್ರು ನಿನ್ನ?"

"ಏಮ್ಮಾ, ಇದೇನು ಬುದ್ಧಿ ನಿಂದು!" ರೇಣುಕಮ್ಮ ಹಣೆ ಬಡಿದುಕೊಂಡಳು. "ಸಾಯೋ ಹೊತ್ತಿನಾಗೆ ಅಕ್ಕನ ಧರ್ಮ ಕೆಡಿಸ್ತೀಯಲ್ಲೇ!"

ಯತ್ತಪ್ಪ ಗಂಟಲು ಸರಿಮಾಡಿಕೊಂಡ. "ನೋಡ್ರಿ ಡಾಕ್ಟ್ರೇ, ಅತ್ತಿಗೆ ಏನೂ ಕೇಳಿಸ್ಕೊಂಡಿಲ್ಲ, ನಾವೂ ಏನೂ ಕೇಳಿಸ್ಕೊಂಡಿಲ್ಲ. ಗೊತ್ತಿಲ್ದೆ ಆದದ್ದಕ್ಕೆ ದೋಷ ಇಲ್ಲ. ನೀವು ಹಾಕ್ರಿ ಮತ್ತೆ."

ತಿಪ್ಪೇರುದ್ರಮ್ಮ ಕಣ್ಣು ಹೊರಳಿಸಿ ಒಬ್ಬೊಬ್ಬರನ್ನೇ ನೋಡಿದಳು. ಮಗ... ಮೈದುನ... ವಾರಗಿತ್ತಿ... ತಾನು ಇನ್ನೂ ಬದುಕಿರುವಾಗಲೇ ತನ್ನನ್ನು ಒಂದು ಮೂಟೆಯಂತೆ ಎತ್ತಿ ಅತ್ತ ಇಡಬೇಕೋ ಇತ್ತ ಇಡಬೇಕೋ ಎಂದು ಮಾತಾಡುತ್ತಿದ್ದರು. ಅವಳು ಕೇಳಿಸಿಕೊಂಡಿಲ್ಲವಂತೆ! ಅವಳಿಗೆ ಕಿವಿಯಿಲ್ಲವಂತೆ! ಅವರ ನಡುವೆ ಒಂದೇ ಒಂದು ಮುಖ ಅವಳ ಮುಖಕ್ಕೆ ನೇರವಾಗಿ ತಿರುಗಿ, ಉತ್ತರಕ್ಕಾಗಿ ಕಾಯುತ್ತಿತ್ತು. ಅದು ಅವಳು ಕಟ್ಟೆಯ ಮೇಲೆ ಕಾಫಿ ಚೆಲ್ಲಿ ಹೊರಗಿಟ್ಟ ಮುಖ.

ಗಡಿಗೆ ಕಣ್ಣ ಮುಂದೆ ಬಂತು. ಕತ್ತಿನವರೆಗೂ ತುಂಬಿದ, ಹೊಂಬಣ್ಣದ ತುಪ್ಪದ ಗಡಿಗೆ. ಬೇಡವೆಂದರೆ ಮೀಸಲು ಉಳಿಯುತ್ತದೆ, ತಿಪ್ಪೇರುದ್ರಮ್ಮ ಪ್ರಾಣ ಬಿಟ್ಟಳೇ ಹೊರತು ಮೀಸಲು ಕೆಡಿಸಲಿಲ್ಲವೆಂದು ಹಟ್ಟಿ ತಲೆಮಾರುಗಟ್ಟಲೆ ಹೇಳಿಕೊಂಡೀತು. ಆದರೆ ಸಾಯಲು ಅವಳಿಗೆ ಇಷ್ಟವಿರಲಿಲ್ಲ. ಉಸಿರು ಬೇಕಿತ್ತು! ನಾಳೆ ಬೆಳಗ್ಗೆ ಕೊಟ್ಟಿಗೆಗೆ ಹೋಗಿ ಕರುವಿನ ಕತ್ತು ತುರಿಸಬೇಕಿತ್ತು. ಇಷ್ಟು ವರ್ಷ ಮಡಿ ಮಡಿ ಎಂದು ಹಾರಾಡಿದವಳು ಒಂದು ಗುಟುಕು ಗಾಳಿಗೆ ಹೀಗೆ ಬಾಯಿ ಬಿಡುತ್ತಿದ್ದೇನಲ್ಲಾ ಎಂದು ತನ್ನ ಮೇಲೇ ಹೇಸಿಗೆಯೆನಿಸಿತು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಹಾಕು..." ಎಂದಳು, ಸೊಸೆಯನ್ನೇ ನೋಡುತ್ತಾ. "ಗೊತ್ತಿದ್ದೇ... ಹಾಕಿಸ್ಕೊಳ್ತೀನಿ... ಹಾಕು."

ಉಸಿರು ಮರಳಿತು. ಅಂಬುಲೆನ್ಸಿನಲ್ಲಿ ದಾವಣಗೆರೆಗೆ ಒಯ್ದರು, ದೊಡ್ಡ ಮಿಷನ್ನಿನೊಳಗೆ ಮಲಗಿಸಿ ಫೋಟೋ ತೆಗೆದರು, ಗಡ್ಡೆ ಇದ್ದದ್ದು ನಿಜವೆಂದರು. ಕೆಲವು ದಿನಗಳ ಮೇಲೆ ತಿಪ್ಪೇರುದ್ರಮ್ಮ ದಿಂಬಿಗೆ ಒರಗಿ ಕೂರುವಷ್ಟಾದಳು. ಪಕ್ಕದ ಸ್ಟೂಲಿನ ಮೇಲೆ ಕಾಂಚನಾ ತೂಕಡಿಸುತ್ತಿದ್ದಳು.

"ಏ... ಆ ಮೊಟ್ಟೆಯಾಗೆ ಏನು ನೋಡ್ತೀಯೇ ನೀನು?"

ಕಾಂಚನಾ ಎಚ್ಚೆತ್ತು ಕಣ್ಣುಜ್ಜಿಕೊಂಡಳು. ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. "ಹೃದಯ, ಅತ್ತೆ. ಮೊದಲು ಒಂದು ಕೆಂಪು ಚುಕ್ಕಿ, ಆಮೇಲೆ ಅದು ಮಿಡಿಯಾಕೆ ಶುರು ಮಾಡುತ್ತೆ. ಮೈಯಾಗಿನ ಒಂದೊಂದು ಜೀವಕೋಶದಾಗೂ ಅವೇ ಜೀನುಗಳು ಇರ್ತಾವೆ, ಆದ್ರೆ ಎಲ್ಲಾ ಒಟ್ಟಿಗೆ ಕೆಲಸ ಮಾಡಲ್ಲ. ಮನೆಯಾಗೆ ಎಲ್ಲಾ ಕೋಣೆಗೂ ಲೈಟಿದ್ರೂ ಬೇಕಾದ್ದು ಹಾಕ್ತೀವಿ, ಬ್ಯಾಡಾದ್ದು ಆರಿಸ್ತೀವಲ್ಲ, ಹಂಗೆ. ಶ್ವಾಸಕೋಶದಾಗೆ ರಕ್ತ ಕಟ್ಟಿಕೊಂಡು ಹೃದಯಕ್ಕೆ ಏಟು ಬಿದ್ದಾಗ ಯಾವ ಜೀನು ಎದ್ದೇಳುತ್ತೆ, ಯಾವುದು ಆರುತ್ತೆ, ಅದಕ್ಕೆ ಸ್ವಿಚ್ ಹಾಕೋದು ಏನು ಅಂತ ಹುಡುಕ್ತಾ ಇದೀವಿ. ನಿಮಗೆ ಮೊನ್ನೆ ಆತಲ್ಲ, ಅದೇ. ಅದು ತಿಳಿದ್ರೆ ಮುಂದೆ ಯಾರದ್ದೋ ಹೃದಯ ಸೋಲೋದನ್ನ ತಡೀಬಹುದೇನೋ."

"ಏನೋ? ಇಷ್ಟು ಓದಿ ಏನೋ ಅಂತೀಯಲ್ಲ."

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಾಕೆ ಬರಲ್ಲ ನನಗೆ."

ಅದೇ ಸೊಕ್ಕು. ಆದರೆ ಇಂದು ಅದು ಸೊಕ್ಕಿನಂತೆ ಕೇಳಿಸಲಿಲ್ಲ. ತಿಪ್ಪೇರುದ್ರಮ್ಮ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು. "ಆ ಗುಳಿಗೆ ಕೊಡ್ತಿದ್ದೆಯಲ್ಲ... ಅದೂ ಹಂದೀದೇನು?"

"ಅಯ್ಯೋ, ಇಲ್ಲ ಅತ್ತೆ! ಡಾಕ್ಟ್ರು ಮೊದಲು ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಬರೀತೀನಿ ಅಂದ್ರು. ಅದೂ ಹಂದೀದೇ. ನಮ್ಮತ್ತೆ ಮೀಸಲು ಗಡಿಗೆ ಹೊರೋರು, ಬೇರೆ ಕೊಡ್ರಿ ಅಂತ ಅಲ್ಲೇ ನಿಂತು ವಾದ ಮಾಡಿ ಗುಳಿಗೆ ಬರೆಸ್ದೆ. ಅದು ಕಾರ್ಖಾನೆಯಾಗೆ ಮಾಡಿದ್ದು, ಅದರಾಗೆ ಯಾವ ಪ್ರಾಣೀದೂ ಇಲ್ಲ. ತಯಾರು ಮಾಡೋರ ಹತ್ರಾನೂ ಕೇಳಿ ತಿಳ್ಕೊಂಡೆ." ಅವಳ ದನಿ ಸಣ್ಣಗಾಯಿತು. "ದಿನಾ ತಗೊಂಡ್ರೂ ಯಾಕೆ ಹಿಂಗಾತೋ ನನಗೆ ತಿಳೀವಲ್ದು. ಅದನ್ನೇ ಯೋಚನೆ ಮಾಡ್ತಾ ಇದೀನಿ. ಇಂಜೆಕ್ಷನ್ನೇ ಕೊಡಿಸಿದ್ರೆ ಚೆನ್ನಾಗಿತ್ತೇನೋ, ನನ್ನಿಂದಾನೇ ತಪ್ಪಾತೇನೋ..."

ಅವಳ ಕಣ್ಣು ತುಂಬಿದ್ದನ್ನು ತಿಪ್ಪೇರುದ್ರಮ್ಮ ಮೊದಲ ಸಲ ಕಂಡಳು. ಇಷ್ಟು ದಿನ ಅದೊಂದನ್ನು ನೋಡಬೇಕೆಂದು ಕಾದಿದ್ದಳಲ್ಲ! ಈಗ ಕಂಡಾಗ ಸೊಂಟದ ಸಂಚಿ ಕೆಂಡದಂತೆ ಸುಟ್ಟಿತು. ಹೇಳಿಬಿಡಬೇಕೆಂದು ಬಾಯಿ ತೆರೆದಳು, ಆಗಲಿಲ್ಲ. ಗೋಡೆಯ ಕಡೆ ಮಗ್ಗುಲಾದಳು.

ಮನೆಗೆ ಬಂದ ಮೇಲೆ ಹಬ್ಬಕ್ಕೆ ಎರಡು ದಿನವಿರುವಾಗ ಯತ್ತಪ್ಪ ಹಣ್ಣಿನ ಬುಟ್ಟಿ ಹಿಡಿದು ಬಂದ. ಬಾಗಿಲು ಹಾಕಿಕೊಂಡು, ಮಾರುತೇಶನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪಿಸುಗುಟ್ಟಿದ. "ಅತ್ತಿಗೆ, ಆಸ್ಪತ್ರೆ ಮಾತು ಅಲ್ಲಿಗೇ ಮುಗೀತು. ಗಡಿಗೆ ನೀವೇ ಹೊರಬೇಕು. ಕಾಲು ಬಗ್ಗಲ್ಲ ಅಂದ್ರೆ ಬರೇ ಕೈ ಮುಟ್ಟಿಸ್ರಿ, ರೇಣುಕಾ ಹೊರ್ತಾಳೆ. ಗಡಿಗೆ ಈ ಮನೆ ಕೈ ತಪ್ಪಿ ಹೋದ್ರೆ ನಮ್ಮ ಮರ್ಯಾದೆ ಏನಾಗಬೇಕು? ಮುಂದೆ ಚುನಾವಣೆ ಬೇರೆ ಐತೆ. ಇನ್ನ ಆ ಹುಡುಗಿ... ಅದರ ನಾಲಿಗೆಗೆ ಮೂಳೆ ಇಲ್ಲ. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದಂಗೆ ಉದುರಿಸಿಬಿಡ್ತಾಳೆ. ನಾಳೇನೇ ತವರಿಗೆ ಕಳಿಸಿಬಿಡ್ರಿ. ಮೊಟ್ಟೆ ಕೆಲಸದ ಸಲುವಾಗಿ ಮನೆ ಬಿಡಿಸಿದ್ವಿ ಅಂತ ಹೇಳಿದ್ರಾತು, ಹಟ್ಟಿ ನಂಬುತ್ತೆ. ನೀವು ಮೊದ್ಲಿಂದ್ಲೂ ಅದನ್ನೇ ಅಲ್ವಾ ಕೇಳ್ತಿದ್ದಿದ್ದು?"

ಹೌದು, ಅದನ್ನೇ ಕೇಳುತ್ತಿದ್ದಳು. ಬೇಡಿದ್ದೆಲ್ಲ ತಟ್ಟೆಯಲ್ಲಿಟ್ಟು ಮುಂದೆ ಬಂದಿತ್ತು. ಗಡಿಗೆಯೂ ಉಳಿಯುತ್ತದೆ, ಸೊಸೆಯೂ ತೊಲಗುತ್ತಾಳೆ. ತಿಪ್ಪೇರುದ್ರಮ್ಮ ಮಗನ ಕಡೆ ನೋಡಿದಳು. "ನೀನೇನಂತೀಯೋ?"

ಮಾರುತೇಶ ನೆಲ ನೋಡಿದ. "ಚಿಕ್ಕಪ್ಪ ಹೇಳೋದೂ ಸರಿ ಐತೆ ಅವ್ವಾ... ಸ್ವಲ್ಪ ದಿನದ ಮಟ್ಟಿಗೆ..."

ಥೂ ಎಂದು ಉಗಿಯಬೇಕೆನಿಸಿತು. ಉಗಿಯಲಿಲ್ಲ. "ಹಬ್ಬದ ದಿನ ನೋಡಾನ" ಎಂದಷ್ಟೇ ಹೇಳಿದಳು. ಯತ್ತಪ್ಪ ಅದನ್ನು ಒಪ್ಪಿಗೆಯೆಂದುಕೊಂಡು ಬುಟ್ಟಿಯೊಳಗಿನ ದೊಡ್ಡ ದಾಳಿಂಬೆಯನ್ನು ಅವಳ ಕೈಗಿಟ್ಟು ಹೋದ.

ಹಬ್ಬದ ಬೆಳಗ್ಗೆ ಗುಡಿಯ ಮುಂದೆ ಹಟ್ಟಿಯೆಲ್ಲ ಸೇರಿತ್ತು. ಕಾವಲಿನಿಂದ ದೇವರ ಎತ್ತುಗಳನ್ನು ಹೊಡೆದುಕೊಂಡು ಬಂದಿದ್ದ ಜೋಗಪ್ಪ ಕಂಬಳಿ ಹೆಗಲಿಗೇರಿಸಿ ಒಂದು ಬದಿಗೆ ನಿಂತಿದ್ದ. ಹಟ್ಟಿಯ ಹಿರಿಯ ಚಂದ್ರಣ್ಣ ವೀಳ್ಯದ ತಟ್ಟೆ ಹಿಡಿದಿದ್ದ. ಬಿಳಿ ಪಂಚೆಯುಟ್ಟ ಯತ್ತಪ್ಪ ಆಗಲೇ ಕೈ ಮುಂದೆ ಮಾಡಿಕೊಂಡು ನಿಂತಿದ್ದ. ತಿಪ್ಪೇರುದ್ರಮ್ಮ ಊರುಗೋಲಿನ ಮೇಲೆ ಮೈ ಭಾರ ಹಾಕಿ ಬಂದಳು, ಗಡಿಗೆಯಿಲ್ಲದೆ! ಅವಳ ಹಿಂದೆ, ಬರಬಾರದೆಂದು ಹೇಳಿಸಿಕೊಂಡಿದ್ದ ಕಾಂಚನಾ ಬಂದಳು. "ನನ್ನ ಹಿಂದೆ ಬಾ" ಎಂದು ಅತ್ತೆ ಗದರಿದ್ದಕ್ಕೆ, ಏಕೆಂದು ತಿಳಿಯದೆ ಬಂದಿದ್ದಳು.

"ಗಡಿಗೆ ಎಲ್ಲಮ್ಮಾ?" ಎಂದ ಚಂದ್ರಣ್ಣ.

"ಕೋಣೆಯಾಗೇ ಐತೆ ಕಣಣ್ಣ. ಆಸ್ಪತ್ರೆಗೆ ಹೋದ ದಿನದಿಂದ ನಾನು ಆ ಕೋಣೆ ಹೊಸ್ತಿಲು ತುಳಿದಿಲ್ಲ. ತುಪ್ಪ ಶುದ್ಧವಾಗೈತೆ, ನಾನಿಲ್ಲ." ಅವಳು ಗೋಲು ಗಟ್ಟಿಯಾಗಿ ಹಿಡಿದಳು. "ನನ್ನ ಮೈಯಾಗೆ ಹಂದಿ ಕರುಳಿನ ಔಷಧಿ ಹೋಗೈತೆ. ಗೊತ್ತಿಲ್ದೆ ಅಲ್ಲ, ಗೊತ್ತಿದ್ದೇ ಹಾಕಿಸ್ಕೊಂಡೀನಿ. ಸಾಯಾಕೆ ಹೆದರಿಕೊಂಡೆ, ಅದಕ್ಕೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. "ಅತ್ತಿಗೆಗೆ ಜ್ವರ ಇನ್ನಾ ಇಳಿದಿಲ್ಲ..." ಎಂದು ಯತ್ತಪ್ಪ ನಗಲು ನೋಡಿದ.

"ಬಾಯಿ ಮುಚ್ಚು ಯತ್ತಪ್ಪ! ಇದನ್ನ ಮುಚ್ಚಿಡು ಅಂತ ಹಣ್ಣಿನ ಬುಟ್ಟಿ ಹೊತ್ಕೊಂಡು ಬಂದೋನು ನೀನು. ದೇವರ ದೀಪಕ್ಕೆ ಮೈಲಿಗೆ ತುಪ್ಪ ಹೋದ್ರೂ ಚಿಂತಿಲ್ಲ, ನಿನ್ನ ಕೈಗೆ ವೀಳ್ಯ ಬಂದ್ರೆ ಸಾಕು, ಅಲ್ಲೇನೋ? ನನಗೆ ಕಿವಿ ಇಲ್ಲ ಅಂದ್ಯಲ್ಲ ಅವತ್ತು, ಎಲ್ಲಾ ಕೇಳಿಸ್ತಿತ್ತು ಕಣೋ. ನನ್ನ ಹೊಟ್ಟೇಲಿ ಹುಟ್ಟಿದೋನೂ ನಿನ್ನ ಜತೆಗೇ ತಲೆ ಆಡಿಸಿದ." ಮಾರುತೇಶ ಗುಂಪಿನ ಹಿಂದೆ ಸರಿದ. "ನನ್ನ ಮುಖ ನೋಡಿ ಖಂಡಿತ ಮಾತು ಹೇಳಿದೋಳು ಇವಳೊಬ್ಬಳೇ. ಇನ್ನೂ ಒಂದೈತೆ, ಕೇಳ್ರಿ ಎಲ್ಲಾ."

ಅವಳು ಸೊಂಟದಿಂದ ಸಂಚಿ ಕಿತ್ತು, ಗುಡಿಯ ಮೆಟ್ಟಿಲ ಮೇಲೆ ಸುರಿದಳು. ಅಡಿಕೆ ಹೋಳುಗಳ ನಡುವೆ ಗುಳಿಗೆಗಳು ಉರುಳಿ ಉರುಳಿ ನಿಂತವು. ಕಾಂಚನಾ ಬಗ್ಗಿ ಒಂದನ್ನು ಎತ್ತಿ ನೋಡಿದಳು. ಮುಖ ಬಿಳುಚಿಕೊಂಡಿತು.

"ಅತ್ತೆ... ನೀವು ಇವನ್ನ..."

"ಉಗುಳ್ದೆ ಕಣೇ. ದಿನಾ ಉಗುಳ್ದೆ. ನಿನ್ನ ತಪ್ಪು ಏನೂ ಇಲ್ಲ." ತಿಪ್ಪೇರುದ್ರಮ್ಮ ಗುಂಪಿನತ್ತ ತಿರುಗಿದಳು. "ಇವು ಕೋಳೀವೂ ಅಲ್ಲ, ಹಂದೀವೂ ಅಲ್ಲ. ನನ್ನ ಮೀಸಲು ಕೆಡಬಾರ್ದು ಅಂತ ಡಾಕ್ಟ್ರ ಹತ್ರ ವಾದ ಮಾಡಿ ತಂದಿದ್ಲು ಈ ಹುಡುಗಿ. ಮೊಟ್ಟೆ ಮುಟ್ಟಿದ ಕೈಯಿಂದ ಬಂದ್ವು ಅಂತ ಉಗುಳ್ದೆ. ಇವನ್ನ ನುಂಗಿದ್ರೆ ಆ ಹಂದಿ ಔಷಧಿ ಬೇಕಾಗ್ತಾನೇ ಇರಲಿಲ್ಲ. ನನ್ನ ಮೀಸಲು ಕೆಡಿಸಿದ್ದು ಇವಳಲ್ಲ, ನನ್ನ ದೊಡ್ಡಸ್ತಿಕೆ... ಥೂ!"

ನಿನ್ನೆಯವರೆಗೂ ಅವಳಿಗೆ ದಾರಿ ಬಿಡುತ್ತಿದ್ದ ಹೆಂಗಸರು ಇವತ್ತೂ ಸೆರಗು ಎಳೆದುಕೊಂಡು ಹಿಂದೆ ಸರಿದರು, ಮೈ ತಾಗೀತೆಂದು. ಅವಳಿಗೆ ಅದು ಕಾಣಿಸಿತು. ತಾನು ಕಲಿಸಿದ್ದೇ ಅಲ್ಲವೇ! ಚಂದ್ರಣ್ಣ ವೀಳ್ಯದ ತಟ್ಟೆ ಕೆಳಗಿಳಿಸಿ ಜೋಗಪ್ಪನ ಮುಖ ನೋಡಿದ. ಜೋಗಪ್ಪ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ಅವಳು ಹೇಳಿದ್ಲಲ್ಲ," ಎಂದ. "ಕೆಳಗಿನ ಸಾಲಿನ ಕರಿಯಕ್ಕನ ಮನೆಯೋರು ಬಂದು ಗಡಿಗೆ ಹೊರ್ಲಿ. ನಾನು ಕೋಣೆ ಬಾಗಿಲು ತೆಗೀತೀನಿ."

ಕರಿಯಕ್ಕ ಮಡಿಯುಟ್ಟು, ತುಂಬಿದ ಗಡಿಗೆಯನ್ನು ಹೊತ್ತು ಗುಡಿಯತ್ತ ನಡೆದಾಗ ತಿಪ್ಪೇರುದ್ರಮ್ಮ ತನ್ನ ಮನೆಯ ಜಗಲಿಯ ಕಟ್ಟೆಯ ಮೇಲೆ ಕೂತಿದ್ದಳು. ಹಾಲಿಗೆ ಹೆಪ್ಪು ಹಾಕಿದ್ದು ಅವಳು, ಕಡೆದದ್ದು ಅವಳು, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕಾಯಿಸಿದ್ದು ಅವಳು. ಗಡಿಗೆ ಕಣ್ಣೆದುರೇ ಹಾದು ಹೋಯಿತು... ಇನ್ನು ಅದು ಈ ಮನೆಗೆ ಬರುವುದಿಲ್ಲ. ಗುಡಿಯ ಕಡೆಯಿಂದ ಉರುಮೆ ವಾದ್ಯದ ಸದ್ದು ಕೇಳಿದಾಗ ಅವಳು ಸೆರಗಿನಲ್ಲಿ ಮುಖ ಹುದುಗಿಸಿ ಒಮ್ಮೆ ಜೋರಾಗಿ ಅತ್ತಳು. ಕಾಂಚನಾ ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಬಾಗಿಲಿಗೊರಗಿ ನಿಂತೇ ಇದ್ದಳು. ಯತ್ತಪ್ಪನ ಬಿಳಿ ಕಾರು ಊಟಕ್ಕೂ ನಿಲ್ಲದೆ ಧೂಳೆಬ್ಬಿಸಿಕೊಂಡು ಹೊರಟು ಹೋಯಿತು.

"ಒಳಗೆ ಬರ್ರಿ ಅತ್ತೆ. ಬಿಸಿಲು."

"ನಾನು ಯಾಕೆ ಒಳಗೆ ಬರ್ಲಿ? ಅಡುಗೆಮನೆ ನನಗೂ ಇಲ್ಲ ಇನ್ನ. ನಾನೇ ಹಾಕಿದ ಕಟ್ಟಳೆ ಅಲ್ಲೇನು?" ಮೂಗು ಒರೆಸಿಕೊಂಡು ಅವಳು ಕವುಚಿ ಹಾಕಿದ್ದ ಸ್ಟೀಲ್ ಲೋಟವನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು. "ಕಾಫಿ ಮಾಡ್ಕೊಂಡು ಬಾ. ಇದರಾಗೆ ಹಾಕು."

"ಅದು ನನ್ನ ಲೋಟ ಅತ್ತೆ."

"ಗೊತ್ತೈತೆ. ನನಗೇನು ಕಣ್ಣು ಕಾಣಲ್ವಾ?"

ಕಾಂಚನಾ ಆ ಮನೆಯ ಒಲೆಯ ಮುಂದೆ ಮೊದಲ ಬಾರಿಗೆ ನಿಂತಳು. ಸಕ್ಕರೆ ಎಲ್ಲಿದೆ, ಪುಡಿ ಎಲ್ಲಿದೆ ಎಂದು ಹುಡುಕಿದ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಕಾಫಿ ಬಂತು. ತಿಪ್ಪೇರುದ್ರಮ್ಮ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

"ನೀರಾಗೈತೆ. ಇಷ್ಟು ಓದ್ದೋಳಿಗೆ ಕಾಫಿ ಮಾಡಾಕೆ ಬರಲ್ಲ!"

ಆದರೂ ಅರ್ಧ ಕುಡಿದು, ಉಳಿದದ್ದನ್ನು ಅದೇ ಲೋಟದಲ್ಲಿ ಸೊಸೆಯ ಕಡೆ ಸರಿಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ಪ್ಲಾಸ್ಟರಿನ ಕಾಲನ್ನು ಕಟ್ಟೆಯ ಮೇಲೆ ಚಾಚಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದಳು.

"ಇನ್ನಾ ಊದೈತೇನೋ, ಮುಟ್ಟಿ ನೋಡು."